ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯಿರಿ

ಬಿ.ಪಿ. ಬಂದಿದೆ, ಉಪ್ಪು ಕಡಿಮೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ದಿನಕ್ಕೆ ತಿನ್ನಬೇಕಾದದ್ದು 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಹೊರಗೆ ಏನನ್ನೂ ತಿನ್ನದಿದ್ದರೂ ಒಂದು ಕಿಲೋ ಉಪ್ಪು 50 ದಿನ ಬರಬೇಕು. ನಮ್ಮ ಮನೆಯಲ್ಲಿ ಅದು ತಿಂಗಳಿಗೇ ಖಾಲಿಯಾಗುತ್ತಿತ್ತು. ಭಾಗಿಸಿ ನೋಡಿದರೆ ತಲೆಗೆ ಎಂಟು ಗ್ರಾಂ ದಾಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರ ಸರಾಸರಿಯೂ ದಿನಕ್ಕೆ 8 ಗ್ರಾಂ ಎಂದೇ ಬಂದಿದೆ. ನಾವು ದೇಶವನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಪ್ಯಾಕೆಟ್ಟನ್ನೇ ಮೊದಲು ಹಿಡಿಯಲು ಕಾರಣವಿದೆ. ಈ ವಿಷಯದ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಡಬ್ಬಿಯ ಸೂಪು, ಸಂಸ್ಕರಿಸಿದ ಮಾಂಸ, ಚೀಸ್ ಬಿಡಿ ಎನ್ನುತ್ತವೆ. ಅಮೆರಿಕದವರ ಹೊಟ್ಟೆಗೆ ಹೋಗುವ ಸೋಡಿಯಂನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕಾರ್ಖಾನೆ ಮತ್ತು ಹೋಟೆಲುಗಳಿಂದ ಬರುವುದರಿಂದ ಅವರಿಗೆ ಆ ಮಾತು ಸರಿ. ಜೋಳದ ರೊಟ್ಟಿ, ಅನ್ನ-ಸಾರು, ಪಲ್ಯ ತಿನ್ನುವ ನಮ್ಮಂಥವರ ಉಪ್ಪಿನ ಬಹುಪಾಲು ನಮ್ಮದೇ ಕೈಯಿಂದ, ನಮ್ಮದೇ ಡಬ್ಬಿಯಿಂದ ಬೀಳುತ್ತದೆ. ಚೀಸ್ ಬಿಡಿ ಎಂದರೆ ನಮ್ಮ ಮನೆಯಲ್ಲಿ ಬಿಡುವುದಕ್ಕಾದರೂ ಅದು ಇರಬೇಕಲ್ಲ.

ನಾನು ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಮೆಕ್ಕೆಜೋಳದ ಸುಗ್ಗಿಯಲ್ಲಿ ತಲೆ ಎತ್ತಲು ಬಿಡುವಿರುವುದಿಲ್ಲ. ಅಂಥದೊಂದು ಸುಗ್ಗಿ ಮುಗಿದ ಮೇಲೆ ತಲೆನೋವೆಂದು ಹೋದಾಗ ಬಿ.ಪಿ.ಯ ಮೇಲಿನ ಅಂಕಿ ನೂರೈವತ್ತು ದಾಟಿತ್ತು. ವೈದ್ಯರು ಟೆಲ್ಮಿಸಾರ್ಟನ್ ಮಾತ್ರೆ ಬರೆದು, "ಉಪ್ಪು ಕಡಿಮೆ ಮಾಡಿ" ಎಂದರು. ಎಷ್ಟು ಎಂದು ಕೇಳಿದೆ. "ಕಡಿಮೆ ಮಾಡಿ" ಎಂದೇ ಮತ್ತೊಮ್ಮೆ ಹೇಳಿದರು. ಅಂಕಿಯಿಲ್ಲದ ಮಾತನ್ನು ಪುಸ್ತಕಕ್ಕೆ ಹತ್ತಿಸಿ ನನಗೆ ಅಭ್ಯಾಸವಿಲ್ಲ. ಹಾಗಾಗಿ ಅಂಕಿಯನ್ನು ನಾನೇ ಹುಡುಕಿಕೊಂಡೆ.

ನನಗೆ ಕೆಲಸಕ್ಕೆ ಬಂದದ್ದು ಒಂದು ಸಣ್ಣ ಸ್ಟೀಲ್ ಬಟ್ಟಲು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಇಡೀ ದಿನದ, ಇಡೀ ಮನೆಯ ಉಪ್ಪನ್ನು ಅಳೆದು ಅದಕ್ಕೆ ಹಾಕುತ್ತೇನೆ. ಉಪ್ಪಿಟ್ಟಿಗೂ ಸಾರಿಗೂ ರಾತ್ರಿಯ ಪಲ್ಯಕ್ಕೂ ಅದರಿಂದಲೇ ತೆಗೆಯಬೇಕು. ಉಪ್ಪಿನ ಡಬ್ಬಿ ಮೇಲಿನ ಅಟ್ಟಕ್ಕೆ ಹೋಗಿದೆ. ಮಟ್ಟಸವಾದ ಒಂದು ಟೀ ಚಮಚ ಪುಡಿ ಉಪ್ಪು ಐದರಿಂದ ಆರು ಗ್ರಾಂ ತೂಗುತ್ತದೆ. ಕಲ್ಲುಪ್ಪಾದರೆ ಚಮಚದಲ್ಲಿ ಸಂದು ಬಿಟ್ಟು ಕೂರುವುದರಿಂದ ಕಡಿಮೆ ತೂಗಬಹುದು. ಅದಕ್ಕೇ ಚಮಚವನ್ನು ನಂಬದೆ ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಇಟ್ಟುಕೊಂಡೆ. ಮೊದಲ ವಾರ ನಾವು ಬಳಸುತ್ತಿದ್ದಷ್ಟನ್ನೇ ತೂಗಿ ಹಾಕಿದೆ. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತ ನಾಲ್ವರಿಗೆ 15 ಗ್ರಾಂಗೆ ತಂದು ನಿಲ್ಲಿಸಿದೆ. ಉಳಿದ 5 ಗ್ರಾಂ ಹೊರಗಿನ ತಿಂಡಿಗೆ ಮತ್ತು ಹಾಲು, ಸೊಪ್ಪುಗಳಲ್ಲಿ ತಾನಾಗಿಯೇ ಇರುವ ಸೋಡಿಯಂಗೆ ಮೀಸಲು. ನನಗೊಬ್ಬಳಿಗೇ ಸಪ್ಪೆ ಅಡುಗೆ ಮಾಡಿಕೊಳ್ಳುವ ಯೋಚನೆಯನ್ನು ನಾನು ಮಾಡಲೇ ಇಲ್ಲ. ಎರಡು ಪಾತ್ರೆ ಇಟ್ಟ ಮನೆಯಲ್ಲಿ ಪಥ್ಯ ಹೆಚ್ಚು ದಿನ ಬಾಳುವುದಿಲ್ಲ. ಹಬ್ಬಕ್ಕೋ ನೆಂಟರಿಗೋ ಒಮ್ಮೆ ತಪ್ಪಿದರೆ ಅಲ್ಲಿಗೆ ಮುಗಿಯಿತು.

ಎಲ್ಲಿಂದ ಕತ್ತರಿಸುವುದು ಎನ್ನುವುದರಲ್ಲೇ ಜಾಣತನವಿರುವುದು. ನಮ್ಮ ಊಟದಲ್ಲಿ ಹೊಟ್ಟೆ ತುಂಬಿಸುವ ಪದಾರ್ಥಗಳಿಗೆ ಉಪ್ಪು ಬೇಕಾಗಿಯೇ ಇಲ್ಲ. ಚಿತ್ರದುರ್ಗದ ಕಡೆಯ ನನ್ನ ತವರಿನಲ್ಲಿ ಮುದ್ದೆಗೆ ಎಂದೂ ಉಪ್ಪು ಹಾಕಿದವರಲ್ಲ. ರೊಟ್ಟಿಯ ಹಿಟ್ಟಿಗೆ, ಚಪಾತಿಗೆ, ಅನ್ನದ ಎಸರಿಗೆ ಹಾಕುತ್ತಿದ್ದ ಉಪ್ಪನ್ನು ಮೊದಲು ನಿಲ್ಲಿಸಿದೆ. ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಎರಡನೆಯದು ಮಜ್ಜಿಗೆ. ಹುರಿದ ಜೀರಿಗೆ, ಜಜ್ಜಿದ ಶುಂಠಿ, ಕರಿಬೇವು, ಕೊತ್ತಂಬರಿ ಹಾಕಿದ ಮಜ್ಜಿಗೆಗೆ ಉಪ್ಪಿನ ಹಂಗಿಲ್ಲ. ಮೂರನೆಯದು ಚಟ್ನಿಪುಡಿ. ಶೇಂಗಾ, ಗುರೆಳ್ಳು, ಅಗಸೆ ಯಾವುದೇ ಇರಲಿ, ಅದು ಒಣಗಿದ ಪದಾರ್ಥ. ಕೆಡದಂತೆ ಇಡಲು ಉಪ್ಪು ಬೇಕಿಲ್ಲ, ರುಚಿಗಷ್ಟೇ ಬೇಕು. ಬೆಳ್ಳುಳ್ಳಿ, ಹುಣಸೆಹಣ್ಣು ಜಾಸ್ತಿ ಮಾಡಿ ಕುಟ್ಟಿ ಗಟ್ಟಿ ಮೊಸರಿನ ಜೊತೆ ಬಡಿಸಿದರೆ ಯಾರೂ ಉಪ್ಪು ಕೇಳುವುದಿಲ್ಲ.

ಪಲ್ಯಕ್ಕೆ ಉಪ್ಪನ್ನು ಕೊನೆಗೆ, ಒಲೆ ಆರಿಸುವ ಹೊತ್ತಿಗೆ ಹಾಕುತ್ತೇನೆ. ಮೇಲೆಮೇಲೆಯೇ ನಿಂತ ಉಪ್ಪು ನಾಲಿಗೆಗೆ ಬೇಗ ತಾಗುವುದರಿಂದ ಕಡಿಮೆಯೂ ಸಾಕಾಗುತ್ತದೆ. ಹೆಸರುಕಾಳು, ಅಲಸಂದೆಯ ಪಲ್ಯಗಳಿಗೆ ನಿಂಬೆರಸ ಹಿಂಡುತ್ತೇನೆ. ಎಣ್ಣೆಗಾಯಿ ಸುಲಭ, ಶೇಂಗಾ, ಎಳ್ಳು, ಕೊಬ್ಬರಿ, ಮಸಾಲೆಗಳ ಗದ್ದಲದಲ್ಲಿ ಉಪ್ಪು ಎಷ್ಟಿದೆ ಎಂದು ವಿಚಾರಿಸುವವರಿಲ್ಲ. ಸಾರು ಮಾತ್ರ ಮೋಸಕ್ಕೆ ಬಗ್ಗುವುದಿಲ್ಲ. ಅದು ನೀರು, ಅದರಲ್ಲಿ ಎಲ್ಲವೂ ಕಾಣುತ್ತದೆ. "ಅಲ್ಲವ್ವಾ, ಸಾರಿಗೆ ಉಪ್ಪು ಹಾಕುವಾಗ ಕೈ ನಡುಗಿತೇನು?" ಎಂದು ನಮ್ಮ ಅತ್ತೆ ಕೇಳಿದ್ದು ಸಾರಿನ ದಿನವೇ. ಅಂದಿನಿಂದ ಬಟ್ಟಲಿನ ದೊಡ್ಡ ಪಾಲನ್ನು ಸಾರಿಗೇ ಕೊಟ್ಟು, ಉಳಿದವುಗಳಲ್ಲಿ ಬಿಗಿ ಹಿಡಿದೆ. ಜೊತೆಗೆ ಸಾರನ್ನು ತುಸು ಗಟ್ಟಿಯಾಗಿ ಮಾಡಿ ಕಡಿಮೆ ಬಡಿಸುವ ರೂಢಿ ಮಾಡಿದೆ. ನಾಲಿಗೆ ಒಗ್ಗಿಕೊಳ್ಳಲು ಕೆಲವು ವಾರಗಳು ಹಿಡಿಯುತ್ತವೆ. ಒಗ್ಗಿದ ಮೇಲೆ ಮದುವೆ ಮನೆಯ ಸಾಂಬಾರು ಬಾಯಿಗೆ ಕಟುವಾಗಿ ಹತ್ತುತ್ತದೆ.

ಉಪ್ಪಿನಕಾಯಿಯ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಕಡಿಮೆ ಉಪ್ಪು ಹಾಕಿ ವರ್ಷದ ಉಪ್ಪಿನಕಾಯಿ ಹಾಕಲು ಹೋಗಬೇಡಿ. ಅಲ್ಲಿ ಉಪ್ಪಿನ ಕೆಲಸ ಕಾವಲಿನದು. ಕಡಿಮೆಯಾದರೆ ಬೂಸು ಬರುತ್ತದೆ. ಅದರ ಬದಲು ಮಾವಿನಕಾಯಿಯನ್ನೋ ನೆಲ್ಲಿಕಾಯಿಯನ್ನೋ ಹೆಚ್ಚಿ, ಖಾರದಪುಡಿ, ಮೆಂತ್ಯ, ಇಂಗಿನ ಒಗ್ಗರಣೆ ಕೊಟ್ಟು, ಚಿಟಿಕೆ ಉಪ್ಪಿನಲ್ಲಿ ಎರಡು ದಿನಕ್ಕಾಗುವಷ್ಟು ಮಾತ್ರ ಮಾಡಿ ಫ್ರಿಜ್‌ನಲ್ಲಿ ಇಡುತ್ತೇನೆ. ಸಂಡಿಗೆಯದು ಬೇರೆ ತರ್ಕ. ಹಸಿ ಹಿಟ್ಟು ಬಾಯಿಗೆ ಸರಿಯಾಗಿದ್ದರೆ, ಬಿಸಿಲಿಗೆ ನೀರೆಲ್ಲ ಆರಿದ ಮೇಲೆ ಉಪ್ಪುಪ್ಪಾಗುತ್ತದೆ. ಹಿಟ್ಟು ಸಪ್ಪೆಯೆನಿಸುವಾಗಲೇ ಕೈ ನಿಲ್ಲಿಸಬೇಕು. ಅಂಗಡಿಯ ಹಪ್ಪಳಕ್ಕೆ ಉಪ್ಪಿನ ಜೊತೆ ಸೋಡಿಯಂ ಇರುವ ಕ್ಷಾರವನ್ನೂ ಹಾಕುತ್ತಾರೆ. ಅದನ್ನು ತರುವುದನ್ನೇ ಬಿಟ್ಟಿದ್ದೇವೆ.

ಇಷ್ಟೆಲ್ಲ ಆದ ಮೇಲೆ ಪುಸ್ತಕದ ಲೆಕ್ಕವನ್ನು ಗೋದಾಮಿನ ದಾಸ್ತಾನಿನ ಜೊತೆ ತಾಳೆ ನೋಡಬೇಕೆನಿಸಿತು. ಅದಕ್ಕೊಂದು ಪರೀಕ್ಷೆಯಿದೆ: ಇಪ್ಪತ್ತನಾಲ್ಕು ಗಂಟೆಗಳ ಮೂತ್ರದ ಸೋಡಿಯಂ. ನಾವು ತಿಂದ ಸೋಡಿಯಂನಲ್ಲಿ ನೂರಕ್ಕೆ ತೊಂಬತ್ತರಷ್ಟು ಮೂತ್ರದಲ್ಲಿಯೇ ಹೋಗುತ್ತದೆ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಪ್ರಯೋಗಾಲಯದವರು ಕೊಟ್ಟ ಕ್ಯಾನಿನಲ್ಲಿ ಹಿಡಿಯಬೇಕು. ಭಾನುವಾರ ಮಾಡಿದ್ದರೆ ಮುಜುಗರವಿರಲಿಲ್ಲ. ಆದರೆ ನಾನು ಅಂಗಡಿಯಲ್ಲಿ ಏನು ತಿನ್ನುತ್ತೇನೆ ಎನ್ನುವುದು ಭಾನುವಾರದ ಲೆಕ್ಕದಲ್ಲಿ ಬರುವುದಿಲ್ಲವಲ್ಲ. ಕ್ಯಾನನ್ನು ಬಟ್ಟೆ ಅಂಗಡಿಯ ದೊಡ್ಡ ಚೀಲದಲ್ಲಿ ಮುಚ್ಚಿಕೊಂಡು ಯಾರ್ಡಿಗೇ ಒಯ್ದೆ. ಹಮಾಲರಲ್ಲೊಬ್ಬರು "ಅಕ್ಕಾ, ಎಣ್ಣೆಯೋ ತುಪ್ಪವೋ?" ಎಂದು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಇಲ್ಲಿ ಬೇಡ.

ವರದಿ ಮಿಲಿಮೋಲ್ ಲೆಕ್ಕದಲ್ಲಿ ಬರುತ್ತದೆ. 100 ಮಿಲಿಮೋಲ್ ಎಂದರೆ 2300 ಮಿಲಿಗ್ರಾಂ ಸೋಡಿಯಂ. ಉಪ್ಪಿಗೆ ತಿರುಗಿಸಿದರೆ 6 ಗ್ರಾಂಗೆ ಕೊಂಚ ಕಡಿಮೆ. ನನ್ನದು 110ರ ಆಸುಪಾಸಿನಲ್ಲಿತ್ತು. ಬೆವರು ಮುಂತಾದವುಗಳಲ್ಲಿ ಹೋದದ್ದನ್ನು ಸೇರಿಸಿದರೆ ಏಳು ಗ್ರಾಂ. ಬಟ್ಟಲಿನಿಂದ ನನಗೆ ಬರುತ್ತಿದ್ದದ್ದು ನಾಲ್ಕಕ್ಕಿಂತ ಕಡಿಮೆ. ಮೂರು ಗ್ರಾಂ ಎಲ್ಲಿಂದಲೋ ಜಮೆಯಾಗುತ್ತಿತ್ತು.

ಎಲ್ಲಿಂದ ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಸಂಜೆ ನಾಲ್ಕಕ್ಕೆ ಅಂಗಡಿಗೆ ಖಾರ ಮಂಡಕ್ಕಿ, ಮಿರ್ಚಿ ಬರುತ್ತದೆ. ದಾವಣಗೆರೆಯವರು ಮಂಡಕ್ಕಿಯನ್ನು ತಿಂಡಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾತಿನ ನಡುವೆ ಕೈ ತಾನಾಗಿ ಹೋಗುತ್ತದೆ. ಹಗುರವಾದ ಮಂಡಕ್ಕಿಯಲ್ಲಿ ಏನಿದೆ ಮಹಾ ಎನಿಸುತ್ತದೆ. ಆದರೆ ಭಟ್ಟಿಯಲ್ಲಿ ಅಕ್ಕಿಯನ್ನು ಕಾದ ಮರಳಿಗೆ ಹಾಕಿ ಅರಳಿಸುವ ಮೊದಲೇ ಅದಕ್ಕೆ ಉಪ್ಪುನೀರು ಹಿಡಿಸಿರುತ್ತಾರೆ. ಅದರ ಮೇಲೆ ಪುಟಾಣಿ ಹಿಟ್ಟು, ಖಾರ, ಮತ್ತೆ ಉಪ್ಪು. ಪಕ್ಕದ ಮಿರ್ಚಿಯ ಹಿಟ್ಟಿನಲ್ಲಿ ಉಪ್ಪು ಮತ್ತು ಸೋಡಾ. ಬೆಳಗಿನ ಅವಸರಕ್ಕೆ ಎರಡು ತುಂಡು ಬ್ರೆಡ್ ತಿನ್ನುವ ಅಭ್ಯಾಸವೂ ನನಗಿತ್ತು. ಬ್ರೆಡ್ಡಿನಲ್ಲಿ ಉಪ್ಪಿರುವುದು ಬಾಯಿಗೆ ತಿಳಿಯುವುದೇ ಇಲ್ಲ.

ಮಂಡಕ್ಕಿ ಬಿಡು ಎಂದರೆ ನಾನು ಊರನ್ನೇ ಬಿಡಬೇಕಾದೀತು. ಮನೆಯಲ್ಲೇ ಕಲಸಿ ಒಯ್ಯುತ್ತೇನೆ. ಮಂಡಕ್ಕಿಯಲ್ಲಿ ಇರುವ ಉಪ್ಪೇ ಸಾಕು, ಮೇಲೆ ಹಾಕುವುದಿಲ್ಲ. ಈರುಳ್ಳಿ, ಟೊಮೆಟೊ, ಸೌತೆಕಾಯಿ, ಕೊತ್ತಂಬರಿಯನ್ನು ಮಂಡಕ್ಕಿಯ ಸಮಕ್ಕೆ ಹೆಚ್ಚಿ ಹಾಕಿ, ಹುರಿದ ಶೇಂಗಾ, ಪುಟಾಣಿ ಹಿಟ್ಟು, ನಿಂಬೆರಸ. ಮಿರ್ಚಿಯನ್ನು ಅಪರೂಪಕ್ಕೆ ತಿನ್ನುತ್ತೇನೆ. ಬೆಣ್ಣೆ ದೋಸೆಗೆ ನಾನು ಅಂಥ ಕಟ್ಟು ಹಾಕಿಲ್ಲ. ಬಿಳಿ ಬೆಣ್ಣೆಯಲ್ಲಿ ಉಪ್ಪಿಲ್ಲ, ಇರುವುದು ದೋಸೆ ಹಿಟ್ಟು, ಚಟ್ನಿ ಮತ್ತು ಆಲೂಗಡ್ಡೆ ಪಲ್ಯದಲ್ಲಿ. ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳದಿದ್ದರಾಯಿತು. ಬೆಣ್ಣೆಯ ಕೊಬ್ಬು ಬೇರೆ ಖಾತೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಪ್ಯಾಕೆಟ್ ತಿಂಡಿ ಕೊಳ್ಳುವವರು ಹಿಂಬದಿಯ ಪಟ್ಟಿಯಲ್ಲಿ ಸೋಡಿಯಂ ಎಷ್ಟೆಂದು ನೋಡಿ ಎರಡೂವರೆಯಿಂದ ಗುಣಿಸಲಿ, ಉಪ್ಪು ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ಅಡುಗೆ ಸೋಡಾ ಮತ್ತು ಅಜಿನೊಮೊಟೊ ಉಪ್ಪಿನಂತೆ ರುಚಿಸದಿದ್ದರೂ ಸೋಡಿಯಂ ತರುತ್ತವೆ. ಒಂದು ಟೀ ಚಮಚ ಸೋಡಾದಲ್ಲಿಯೇ 1200 ಮಿಲಿಗ್ರಾಂ ದಾಟುತ್ತದೆ.

ಸೈಂಧವ ಲವಣ ತಂದುಕೊಡುವ ನೆಂಟರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅದೂ ಸೋಡಿಯಂ ಕ್ಲೋರೈಡೇ, ತೂಕಕ್ಕೆ ತೂಕ ಹೆಚ್ಚುಕಡಿಮೆ ಅಷ್ಟೇ ಸೋಡಿಯಂ. ಮೇಲಾಗಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿನ ಕಥೆ ಬೇರೆ, ಅದಕ್ಕೆ ಗಟ್ಟಿ ಆಧಾರವಿದೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಗಿತ್ತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಉಪ್ಪನ್ನು ಬಳಸಬಹುದೆಂದು ಸಲಹೆ ಕೊಟ್ಟಿತು, ಆದರೆ ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರನ್ನು ಹೊರಗಿಟ್ಟಿತು. ನಾನು ತೆಗೆದುಕೊಳ್ಳುವ ಟೆಲ್ಮಿಸಾರ್ಟನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು. ಅಂಥ ಮಾತ್ರೆಯ ಮೇಲೆ ಇಂಥ ಉಪ್ಪನ್ನೂ ಹೇರಿದರೆ ಹೃದಯದ ಬಡಿತಕ್ಕೇ ಕುತ್ತು ಬರಬಹುದು. ವೈದ್ಯರನ್ನು ಕೇಳಿದೆ, ಬೇಡವೆಂದರು, ತರಲಿಲ್ಲ.

ಫಲಿತಾಂಶವನ್ನು ಹಿಗ್ಗಿಸಿ ಹೇಳುವುದಿಲ್ಲ. ಬಿ.ಪಿ. ಇರುವವರು ಉಪ್ಪನ್ನು ನಾಲ್ಕೈದು ಗ್ರಾಂ ಇಳಿಸಿದರೆ ಮೇಲಿನ ಅಂಕಿ ಸರಾಸರಿ ಐದರಷ್ಟು ಇಳಿಯುತ್ತದೆ ಎನ್ನುತ್ತವೆ ಅಧ್ಯಯನಗಳು. ನಾನು ಬೆಳಿಗ್ಗೆ ಕಾಫಿಗೆ ಮೊದಲು, ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ನಿಮಿಷದ ಅಂತರದಲ್ಲಿ ಎರಡು ಬಾರಿ ನೋಡಿ ಸರಾಸರಿ ಬರೆಯುತ್ತೇನೆ. ಈಗ ನೂರಮೂವತ್ತರ ಹತ್ತಿರ ಇದೆ. ಅದರಲ್ಲಿ ಮಾತ್ರೆಯ ಪಾಲೆಷ್ಟು, ಉಪ್ಪಿನ ಪಾಲೆಷ್ಟು, ಕುಂದುವಾಡ ಕೆರೆಯ ಏರಿಯ ಮೇಲಿನ ನಡಿಗೆಯ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಮಾತ್ರೆಯ ಪ್ರಮಾಣವನ್ನು ಅರ್ಧಕ್ಕಿಳಿಸಿದ್ದು ವೈದ್ಯರು. ನಾನಾಗಿಯೇ ಒಂದು ದಿನವೂ ಬಿಟ್ಟಿಲ್ಲ.

ಅತ್ತೆಯ ವಿಷಯ ಹೇಳಲೇಬೇಕು. ಎಪ್ಪತ್ತು ದಾಟಿದ ಅವರಿಗೆ ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯಿತ್ತು. ಒಂದು ಬೇಸಿಗೆಯಲ್ಲಿ ಸುಸ್ತು, ಮಾತಿನಲ್ಲಿ ತೊದಲು ಕಂಡು ರಕ್ತ ಪರೀಕ್ಷೆ ಮಾಡಿಸಿದಾಗ ಸೋಡಿಯಂ ತಗ್ಗಿತ್ತು. ಆ ಬಗೆಯ ಮಾತ್ರೆಗಳಿಂದ ವಯಸ್ಸಾದವರಲ್ಲಿ ಹೀಗಾಗುವುದುಂಟು. ವೈದ್ಯರು ಮಾತ್ರೆ ಬದಲಿಸಿ, ಅವರ ಊಟದಲ್ಲಿ ಉಪ್ಪನ್ನು ಇನ್ನೂ ಹಿಂಡಬೇಡಿ ಎಂದರು. ಮನೆಯಲ್ಲಿ ಇಂಥ ಮಾತ್ರೆ ನುಂಗುವ ಹಿರಿಯರಿದ್ದರೆ ಬಟ್ಟಲಿನ ಉಪ್ಪು ಇಳಿಸುವ ಮೊದಲೇ ವೈದ್ಯರನ್ನು ಕೇಳಿ, ರಕ್ತದ ಸೋಡಿಯಂ ಒಮ್ಮೆ ನೋಡಿಸಿಬಿಡಿ. ಈಗ ಅತ್ತೆಯ ಸಾರಿಗೆ ಬಡಿಸುವಾಗ ಚಿಟಿಕೆ ಉಪ್ಪು ಮೇಲಿನಿಂದ ಬೀಳುತ್ತದೆ. ಅದು ನಿಜವಾಗಿಯೂ ವೈದ್ಯರು ಹೇಳಿದಷ್ಟೇ ಇದೆಯೋ, ಸೊಸೆ ಅದರಲ್ಲೂ ಕತ್ತರಿ ಹಾಕಿದ್ದಾಳೋ ಎಂದು ಅವರು ದಿನವೂ ನನ್ನಿಂದ ಲೆಕ್ಕ ಕೇಳುತ್ತಾರೆ.