ಮನಸ್ಸು ಬರಲಿ ಎಂದು ಕಾಯಬೇಡಿ

ಕೇರಳದಲ್ಲಿ ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಪಿ.ಎಸ್.ಸಿ.ಯ ರ‍್ಯಾಂಕ್ ಪಟ್ಟಿಯ ಅವಧಿ ಕೆಲಸ ಸಿಗುವ ಮೊದಲೇ ಮುಗಿದು, ಮುಂದೇನೆಂದು ತೋಚದೆ ಮನೆಯಲ್ಲೇ ಕುಳಿತಿರುವ ತಮ್ಮ ತಂಗಿಯರು ನಮ್ಮ ಬಳಗದಲ್ಲಿದ್ದಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಾನೂ ಎರಡು ವರ್ಷ ಹಾಗೆಯೇ ಕಳೆದೆ. ಮನಸ್ಸು ಸರಿಯಾದ ಮೇಲೆ ಶುರು ಮಾಡೋಣ ಎಂದು ಕಾದದ್ದೇ ತಪ್ಪಾಯಿತು.

ಕೆಲಸ ಮೊದಲು, ಉತ್ಸಾಹ ಅದರ ಹಿಂದೆ. 1970ರ ದಶಕದಲ್ಲಿ ಖಿನ್ನತೆಗಾಗಿ ರೂಪುಗೊಂಡ ‘ಬಿಹೇವಿಯರಲ್ ಆಕ್ಟಿವೇಶನ್’ ಚಿಕಿತ್ಸೆಯ ತಿರುಳೂ ಇದೇ. ಹಿಂದಿನ ರಾತ್ರಿಯೇ ಒಂದು ಚಿಕ್ಕ ಕೆಲಸವನ್ನು ಹೊತ್ತು, ಜಾಗ ಸಮೇತ ಬರೆದಿಡಿ. ‘ನಾಳೆ ಓದುತ್ತೇನೆ’ ಎಂದಲ್ಲ. ‘ಏಳು ಗಂಟೆಗೆ, ಚಹಾ ಕುಡಿದ ಕೂಡಲೇ, ಜಗಲಿಯಲ್ಲಿ ಹತ್ತು ನಿಮಿಷ ಮಲಯಾಳ ಬರೆಯುತ್ತೇನೆ’ ಎಂದು. (ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಆ ಭಾಷೆ ಎಷ್ಟು ಬಾಗಿಲು ತೆರೆಯುತ್ತದೆಂದು ನಿಮಗೂ ಗೊತ್ತು.) ಹತ್ತೇ ನಿಮಿಷಕ್ಕೆ ನಿಲ್ಲಿಸಿದರೂ ಸರಿ.

ಮಲಗುವ ಮುನ್ನ ಆ ದಿನದ ಮನಸ್ಸಿಗೆ ಹತ್ತರಲ್ಲಿ ಅಂಕ ಹಾಕಿ. ಎರಡು ವಾರದ ಪುಟ ತಿರುವಿದರೆ ಯಾವುದು ನಿಮ್ಮನ್ನು ಎತ್ತುತ್ತದೆ ಎಂಬುದು ಕಾಣುತ್ತದೆ. ನನಗೆ ಹೆಚ್ಚು ಅಂಕ ಸಿಕ್ಕಿದ್ದು ನೆರೆಮನೆಯವರೊಡನೆ ಕುಳಿತು ಅಡಿಕೆ ಸುಲಿದ ದಿನಗಳಲ್ಲಿ, ಮೊಬೈಲ್ ಹಿಡಿದ ದಿನಗಳಲ್ಲಲ್ಲ.

ನಿದ್ರೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಒಬ್ಬರೇ ಹೆಣಗಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಉಚಿತ. ದಿನದ 24 ಗಂಟೆಯೂ ಇರುತ್ತದೆ, ಭಾಷೆಗಳಲ್ಲಿ ಕನ್ನಡವೂ ಇದೆ.