ಅತ್ತೆಯ ಜಮಾಖರ್ಚಿನ ಪುಸ್ತಕದಲ್ಲಿ ಕಾಣದ ಅಕ್ಕಿ

ನಮ್ಮದು ಹೊಸನಗರ ತಾಲ್ಲೂಕಿನ ಅಡಿಕೆ ಮನೆ. ಅತ್ತೆ ಬರೆದಿಟ್ಟ ಜಮಾಖರ್ಚಿನ ಪುಸ್ತಕಗಳಲ್ಲಿ 1999ರಿಂದ ಈಚಿನವು ಗೆದ್ದಲಿಗೆ ಸಿಗದೆ ಉಳಿದಿವೆ. ಕೇಂದ್ರ ಸರ್ಕಾರ 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ ಹೊರಡಿಸಿದಾಗ, ದೇಶದ ಲೆಕ್ಕದ ಪಕ್ಕದಲ್ಲಿ ನಮ್ಮ ಮನೆಯ ಲೆಕ್ಕ ಇಟ್ಟು ನೋಡೋಣ ಅನ್ನಿಸಿತು.

1999-2000ರಲ್ಲಿ ಹಳ್ಳಿ ಮನೆಗಳ ನೂರು ರೂಪಾಯಿ ಖರ್ಚಿನಲ್ಲಿ ಸುಮಾರು 59 ಊಟ-ತಿಂಡಿಗೇ ಹೋಗುತ್ತಿತ್ತು. 2022-23ರಲ್ಲಿ ಅದು 46. ಅಕ್ಕಿ, ಗೋಧಿಯಂಥ ಧಾನ್ಯಗಳ ಪಾಲಂತೂ 22ರಿಂದ 5ರ ಹತ್ತಿರಕ್ಕೆ ಇಳಿದಿದೆ. ನಮ್ಮ ಪುಸ್ತಕದಲ್ಲಿ ಪೂರಾ ಉಲ್ಟಾ! ಆಗ ಅಕ್ಕಿಗೆ ಖರ್ಚೇ ಇಲ್ಲ, ಈಗ ತಿಂಗಳು ತಿಂಗಳೂ ಇದೆ.

ಆಗ ಮನೆ ಗದ್ದೆಯ ಭತ್ತವನ್ನೇ ಉಣ್ಣುತ್ತಿದ್ದೆವು. ಆಮೇಲೆ ಗದ್ದೆಗೂ ಅಡಿಕೆ ಸಸಿ ಬಂತು. ಸಮೀಕ್ಷೆಯವರು ಮನೆಯಲ್ಲೇ ಬೆಳೆದು ಉಂಡದ್ದನ್ನೂ ಖರ್ಚಿಗೆ ಸೇರಿಸುತ್ತಾರೆ. ಅಂಗಡಿ ದರದಲ್ಲಲ್ಲ, ಬೆಳೆದಲ್ಲೇ ಮಾರಿದ್ದರೆ ಸಿಗುತ್ತಿದ್ದ ದರದಲ್ಲಿ. ನಾನೂ ಹಾಗೇ ಮಾಡಬೇಕಿತ್ತು. ಆದರೆ ಎಷ್ಟು ಉಂಡೆವು ಅಂತ ಯಾರು ಬರೆದಿಡುತ್ತಾರೆ? ದಾರಿ ತೋರಿಸಿದ್ದು ಮಿಲ್ಲಿನ ಕೂಲಿ. ‘ಭತ್ತ 3 ಚೀಲ, ಮಿಲ್ಲಿಗೆ’ ಅಂತ ಅಲ್ಲಲ್ಲಿ ಅತ್ತೆಯ ಕೈಬರಹದಲ್ಲಿತ್ತು. ಚೀಲಗಳನ್ನು ಕೂಡಿ, ಅಕ್ಕಿಗೆ ಇಳಿಸಿ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿ, “ಆಳುಗಳಿಗೆ ಅಳೆದ ಅಕ್ಕಿಯೂ ಇದರಲ್ಲೇ ಇದೆ, ಅದನ್ನ ಕಳಿ” ಅಂದರು. ಅವರ ನೆನಪಿಲ್ಲದೆ ಈ ಲೆಕ್ಕ ಆಗುತ್ತಲೇ ಇರಲಿಲ್ಲ. ಹಾಲು, ತೆಂಗಿನಕಾಯಿ, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಕಟ್ಟಿಗೆಗೂ ಹೀಗೇ ಬೆಲೆ ಕಟ್ಟಿದೆ. ಅಷ್ಟಾದ ಮೇಲೆ ನಮ್ಮ ಅಕ್ಕಿಯ ಪಾಲೂ ದೇಶದ ಹಾಗೇ ಇಳಿದದ್ದು ಕಂಡಿತು.

ತೋಟದ ಖರ್ಚನ್ನು ಬೇರೆ ಮಾಡುವುದೇ ದೊಡ್ಡ ಕೆಲಸ. ಅಡಿಕೆಗೆ ಸಿಂಪಡಿಸುವ ಮೈಲುತುತ್ತ, ಸುಣ್ಣ, ಅಡಿಕೆ ಗೊನೆ ಕೊಯ್ದವರ ಕೂಲಿ ಎಲ್ಲ ಸಕ್ಕರೆ-ಚಹಾಪುಡಿಯ ಪುಟದಲ್ಲೇ ಇರುತ್ತವೆ. ಅವು ಮನೆ ಬಳಕೆಯಲ್ಲ, ತೆಗೆಯಲೇಬೇಕು. ಇನ್ನು ಅಡಿಕೆ ದುಡ್ಡು ಬಂದಾಗ ಬಟ್ಟೆ, ಕಾಲೇಜು ಫೀಸು ಒಟ್ಟಿಗೇ ಬೀಳುತ್ತವೆ, ಮಳೆಗಾಲದ ದಿನಸಿ ಮೇ ತಿಂಗಳಲ್ಲೇ ಬಂದು ಬೀಳುತ್ತದೆ. ಒಂದು ತಿಂಗಳ ಪುಟ ನೋಡಿ ಏನೂ ಹೇಳಲಾಗದು. ವರ್ಷದ ಮೊತ್ತವನ್ನು 12ರಿಂದಲೂ ಮನೆಮಂದಿಯ ಸಂಖ್ಯೆಯಿಂದಲೂ ಭಾಗಿಸಿದೆ.

ಬರೀ ರೂಪಾಯಿ ನೋಡಿದರೆ ಕಣ್ಣು ಮಂಜಾಗುತ್ತದೆ. ದೇಶದ ಹಳ್ಳಿಗಳಲ್ಲಿ ತಲಾ ತಿಂಗಳ ಖರ್ಚು 2011-12ರಲ್ಲಿ 1,430 ರೂಪಾಯಿ, 2022-23ರಲ್ಲಿ 3,773. ಎರಡೂವರೆ ಪಟ್ಟು! ಆದರೆ 2011-12ರ ಬೆಲೆಗೇ ಇಳಿಸಿದರೆ ಅದು 2,008 ಅಷ್ಟೇ, ಅಂದರೆ ನಿಜವಾಗಿ ಏರಿದ್ದು ಸುಮಾರು ಶೇ. 40. ಅದಕ್ಕೇ ನಾನು ಪಾಲುಗಳನ್ನು ಹೆಚ್ಚು ನಂಬುತ್ತೇನೆ.

ನಮ್ಮಲ್ಲಿ ಏರಿದ್ದು ಓಡಾಟ, ಫೋನು, ಬೇಕರಿ. ದೇಶದ ಹಳ್ಳಿಗಳಲ್ಲೂ 2022-23ರಲ್ಲಿ ಆಹಾರದೊಳಗೆ ಅತಿ ದೊಡ್ಡ ಪಾಲು ಪಾನೀಯ, ಸಿದ್ಧ ತಿಂಡಿಗಳದ್ದೇ, ಒಟ್ಟು ಖರ್ಚಿನ ಸುಮಾರು ಶೇ. 9.6. ಮನೆಯಲ್ಲಿ ಹಲಸಿನ ಹಪ್ಪಳ ಇರುವಾಗಲೂ ಪೊಟ್ಟಣ ಬರುತ್ತಿದೆ ಅನ್ನುವುದು ನನಗೆ ಬೇಸರದ ಸಂಗತಿಯೇ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪುಸ್ತಕ ಇದ್ದರೆ ಮಳೆ ಹಿಡಿಯುವ ಮೊದಲೇ ಪುಟಪುಟವೂ ಫೋಟೋ ತೆಗೆದಿಡಿ. ಬರೆದವರು ಇರುವಾಗಲೇ ಅವರ ಜೊತೆ ಕೂತು ಓದಿ.