ಕೆಸರಿಗೆ ನೇರ, ಕಬ್ಬಿಗೆ ಉಲ್ಟಾ: ಹಿಂದಿನ ಟೈರ್ ಎಡಬಲ ಬದಲಿಸಿದ ಅನುಭವ

ಕಬ್ಬು ಸಾಗಣೆ ಶುರುವಾದಾಗ ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳನ್ನು ಎಡಬಲ ಬದಲಿಸಿ ಓಡಿಸುತ್ತೇನೆ ಎಂದಾಗ ಪಾಂಡವಪುರ ಸುತ್ತಿನಲ್ಲಿ ನಗದವರೇ ಕಡಿಮೆ. 'ಪಟ್ಟೆ ಉಲ್ಟಾ ಆದ್ರೆ ಎಳೆಯಲ್ಲ' ಅನ್ನುವುದು ಅವರ ವಾದ (ಪಟ್ಟೆ ಅಂದರೆ ಟೈರಿನ ಮೇಲೆ ಓರೆಯಾಗಿ ಎದ್ದಿರುವ ರಬ್ಬರ್ ದಿಂಡುಗಳು). ಗದ್ದೆಯಲ್ಲಿ ಅದು ನಿಜ. ಟಾರು ರಸ್ತೆಯಲ್ಲಿ ಅಲ್ಲ. ಸವೆದವೆಂದು ಮಾರಲು ಹೊರಟಿದ್ದ ನನ್ನ 13.6-28 ಅಳತೆಯ ಜೋಡಿ ಇನ್ನೂ ಓಡುತ್ತಿದೆ, ನಕ್ಕವರಲ್ಲಿ ಒಂದಿಬ್ಬರು ಈಗ ಜ್ಯಾಕ್ ಕೇಳಿಕೊಂಡು ಬರುತ್ತಾರೆ.

ಮೊದಲು ದಿಕ್ಕು. ಪಕ್ಕದ ಬಾಣದ ಗುರುತು ಅಳಿಸಿದ್ದರೆ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ: ಪಟ್ಟೆಗಳ ಮೂತಿ, ಅಂದರೆ ಅವು ಟೈರಿನ ನಡುವೆ ಬಾಣದಂತೆ ಕೂಡುವ ತುದಿ, ಮೇಲಕ್ಕಿರಬೇಕು. ಮುಂದಿನಿಂದ ನೋಡಿದರೆ ಅದೇ ಮೂತಿ ಕೆಳಗೆ ಕಾಣುತ್ತದೆ, ಗೊಂದಲವಾಗುವುದು ಅಲ್ಲೇ. ನೆಲದ ಅಚ್ಚಿನಲ್ಲಿ ಮೂತಿ ಗಾಡಿ ಬಂದ ದಿಕ್ಕಿಗೆ ತಿರುಗಿರುತ್ತದೆ. ಮೂತಿ ಮೊದಲು ನೆಲಕ್ಕೆ ಇಳಿದರೆ ಕೆಸರು ನಡುವಿನಿಂದ ಅಂಚಿಗೆ ಜಾರಿ ಹೊರಬೀಳುತ್ತದೆ. ಉಲ್ಟಾ ಹಾಕಿದರೆ ಕೆಸರು ನಡುವಿಗೇ ನುಗ್ಗಿ ಗಟ್ಟಿಯಾಗಿ ಕೂರುತ್ತದೆ, ನಾಲ್ಕು ಸುತ್ತಿನಲ್ಲಿ ಟೈರು ನುಣ್ಣನೆ ಲಟ್ಟಣಿಗೆಯಾಗುತ್ತದೆ. ಹೂತ ಗಾಡಿಯನ್ನು ರಿವರ್ಸ್‌ನಲ್ಲಿ ಎಳೆಸಿದಷ್ಟೂ ಇನ್ನೂ ಕೆಳಗಿಳಿಯುವುದಕ್ಕೂ ಒಂದು ಕಾರಣ ಇದೇ.

ನಾಲೆ ಬಯಲಿನ ಎರೆ ಮಿಶ್ರಿತ ಗದ್ದೆಯಲ್ಲಿ ಅಳೆದು ನೋಡಿದ್ದೇನೆ. ಟೈರಿಗೆ ಚಾಕ್‌ಪೀಸ್ ಗೆರೆ ಹಾಕಿ, ಖಾಲಿ ಗಾಡಿಯಲ್ಲಿ ಚಕ್ರ ಹತ್ತು ಸುತ್ತು ಬಂದ ದೂರ ಅಳೆಯಿರಿ. ಸುಮಾರು 39 ಮೀಟರ್. ಕಲ್ಟಿವೇಟರ್ ಇಳಿಸಿ ಅದೇ ಹತ್ತು ಸುತ್ತು: ನೇರ ಟೈರಿಗೆ 33ರ ಆಸುಪಾಸು, ಅಂದರೆ 15 ಪರ್ಸೆಂಟ್ ಜಾರಿಕೆ. ಉಲ್ಟಾ ಟೈರಿಗೆ 28 ಮೀಟರ್ ದಾಟಲಿಲ್ಲ. ನಾಗಮಂಗಲ ಕಡೆಯ ಒಣ ಕೆಮ್ಮಣ್ಣಿನಲ್ಲಿ ಎರಡಕ್ಕೂ ವ್ಯತ್ಯಾಸ ಅರ್ಧ ಮೀಟರೂ ಇಲ್ಲ. ಅಂಟುವ ಮಣ್ಣಿದ್ದಲ್ಲಿ ಮಾತ್ರ ದಿಕ್ಕಿನ ಆಟ.

ಕಬ್ಬಿನ ಟ್ರೈಲರ್ ಎಳೆಯುವಾಗ ಟಾರಿನಲ್ಲಿ ಪಟ್ಟೆಯ ಒಂದೇ ಅಂಚು ಉಜ್ಜಿ ದುಂಡಗಾಗುತ್ತದೆ, ಇನ್ನೊಂದು ಅಂಚು ಚೂಪಾಗಿಯೇ ಉಳಿಯುತ್ತದೆ. ಪಟ್ಟೆ ಅರ್ಧಕ್ಕೆ ಬಂದ ಮೇಲೆ ತಿರುಗಿಸಿದರೆ ಎಳೆತದ ಭಾರ ಆ ಉಳಿದ ಅಂಚಿಗೆ ಬೀಳುತ್ತದೆ, ಸವೆತ ಸಮನಾಗುತ್ತದೆ. ಹೊಸ ಟೈರಿನಲ್ಲಿ ಇದನ್ನು ಮಾಡಬೇಡಿ, ಲಾಭವಿಲ್ಲ.

ಟೈರನ್ನು ರಿಮ್ಮಿನಿಂದ ಬಿಚ್ಚಿಸಬೇಕಿಲ್ಲ. ಎಡದ ಚಕ್ರ ಇಡಿಯಾಗಿ ಬಲಕ್ಕೆ, ಬಲದ್ದು ಎಡಕ್ಕೆ, ಡಿಸ್ಕಿನ (ರಿಮ್ಮಿನ ನಡುವಿನ ತಟ್ಟೆ) ಹೊರಮುಖ ಹೊರಗೇ ಇರಲಿ. ದಿಕ್ಕು ತಾನಾಗಿ ತಿರುಗುತ್ತದೆ, ಚಕ್ರಗಳ ನಡುವಿನ ಅಗಲ ಬದಲಾಗುವುದಿಲ್ಲ. ಕಬ್ಬಿನ ಸಾಲಿಗೆಂದು ಅಗಲ ಹೆಚ್ಚಿಸಲು ಡಿಸ್ಕ್ ಮಗುಚುವವರು ಎಡಬಲವನ್ನೂ ಬದಲಿಸದಿದ್ದರೆ ಟೈರು ಗೊತ್ತಾಗದೆ ಉಲ್ಟಾ ಆಗಿರುತ್ತದೆ. 'ಎಂಜಿನ್ ಪುಲ್ಲಿಂಗ್ ಇಲ್ಲ' ಎಂದು ಡೀಸೆಲ್ ಪಂಪ್ ಬಿಚ್ಚಿಸಿ ದುಡ್ಡು ಕಳೆದವರಿದ್ದಾರೆ, ಇದ್ದದ್ದು ಇಷ್ಟೇ.

ತೂಕಕ್ಕೆಂದು ಟ್ಯೂಬಿನಲ್ಲಿ ನೀರು ತುಂಬಿಸಿದ್ದರೆ ವಾಲ್ವ್ ಕೆಳಗೆ ಮಾಡಿ ಮೊದಲು ಇಳಿಸಿ, ಒಂದೊಂದರಲ್ಲಿ 150 ಲೀಟರಿಗೂ ಮೇಲೆ ಇರುತ್ತದೆ. ಮತ್ತೆ ತುಂಬುವಾಗ ವಾಲ್ವ್ ಮೇಲೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು, ಆಕ್ಸಲ್ ಕೆಳಗೆ ಮರದ ದಿಮ್ಮಿ. ಬರೀ ಜ್ಯಾಕ್ ನಂಬಬೇಡಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಒಂದು ಟ್ರಿಪ್ ಆದ ಮೇಲೆ ಇನ್ನೊಮ್ಮೆ.

ಖರ್ಚು? ಇಬ್ಬರು ಆಳು, ಅರ್ಧ ದಿನ, ಸಾವಿರದ ಮುನ್ನೂರರ ಒಳಗೆ. ಹೊಸ ಜೋಡಿಗೆ ನಾನು ಕೊಟ್ಟದ್ದು 40 ಸಾವಿರದ ಮೇಲೆ.

ಕೈಕೊಡುವ ಜಾಗವೂ ಇದೆ. ಕಟಾವಿನ ಹೊತ್ತಿಗೆ ಮಳೆ ಬಿದ್ದು ಗದ್ದೆ ಹಸಿಯಾದರೆ ಉಲ್ಟಾ ಟೈರಿನ ಗಾಡಿ ಒಳಗೆ ಇಳಿಸಲೇಬೇಡಿ, ತುಂಬಿದ ಟ್ರೈಲರ್ ಅಲ್ಲೇ ಕೂರುತ್ತದೆ. ರಸ್ತೆ ಬದಿಗೆ ಕಬ್ಬು ಹೊರಿಸುವ ಕೂಲಿ, ಜೆಸಿಬಿ ಕರೆಸುವುದಕ್ಕಿಂತ ಅಗ್ಗ. ನಾಲೆಗೆ ನೀರು ಬಿಡುವ ಮುಂಚೆ ನೇರಕ್ಕೆ ವಾಪಸ್ ಮಾಡಿ.

ಗಾಳಿಯನ್ನೂ ಆಡಿಸಿ ನೋಡಿದೆ. ಹೊಲಕ್ಕೆ 12 ಪಿಎಸ್ಐ, ಲೋಡಿಗೆ 20ರ ಹತ್ತಿರ. ಕೆಸರಿನಲ್ಲಿ 10ಕ್ಕೆ ಇಳಿಸಿದಾಗ ಹಿಡಿತವೇನೋ ಹೆಚ್ಚಿತು, ಆದರೆ ರಿಮ್ಮಿನೊಳಗೆ ಟೈರು ಸರಿದು ವಾಲ್ವ್ ಕಿತ್ತುಬಂತು. ರಿಮ್ಮಿಗೂ ಟೈರಿಗೂ ಸೇರಿಸಿ ಒಂದು ಪೇಂಟ್ ಗೆರೆ ಎಳೆದಿಡಿ, ಗೆರೆ ತುಂಡಾದರೆ ಗಾಳಿ ಹೆಚ್ಚಿಸಿ. ಅರ್ಧ ಕೇಜ್ ವೀಲ್ (ಕೆಸರಿಗೆಂದು ಟೈರಿನ ಪಕ್ಕ ಜೋಡಿಸುವ ಕಬ್ಬಿಣದ ಚಕ್ರ) ಪಟ್ಟಿಗಳನ್ನು ಟೈರಿನ ಮೂತಿಗೆ ಹೊಂದಿಸಿ ಓರೆಯಾಗಿ ಬೆಸೆದದ್ದೂ ಚೆನ್ನಾಗಿ ಬಂದಿದೆ. ಎಷ್ಟು ಓರೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ) ಗಾಡಿಯವರಿಗೆ: ಮುಂದಿನ ಟೈರೂ ಎಳೆಯುವ ಟೈರೇ, ಗದ್ದೆಯಲ್ಲಿ ಅದಕ್ಕೂ ಹಿಂದಿನದರ ದಿಕ್ಕೇ. 'ಸ್ಟೇರಿಂಗ್ ಹಗುರಾಗುತ್ತದೆ' ಎಂದು ಮುಂದಿನದನ್ನು ಉಲ್ಟಾ ಹಾಕಿಕೊಡುವವರ ಮಾತು ಕೇಳಬೇಡಿ. ಟಾರು ರಸ್ತೆ ಹತ್ತಿದ ಕೂಡಲೇ ಫೋರ್ ವೀಲ್ ಲಿವರ್ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಜೋಡಿ ಹಿಂದಿನದಕ್ಕಿಂತ ಮೊದಲೇ ಬೋಳಾಗುತ್ತದೆ.